ಧೂಳು ಕೂತಿದ್ದರೆ ಕೂತಿರಲಿ, ಒಣ ಬಟ್ಟೆ ಮುಟ್ಟಿಸಬೇಡಿ

ಹೋದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಕಪ್ಪು ಕಾರನ್ನು ಹೊಸಪೇಟೆಯ ನಮ್ಮ ಪೇಂಟಿಂಗ್ ಶೆಡ್ಡಿಗೆ ತಂದರು. ಕೊಂಡು ಮೂರು ವರ್ಷ. ಒಂದು ಡೆಂಟ್ ಇಲ್ಲ, ಎಲ್ಲೂ ಉಜ್ಜಿದ ಗುರುತಿಲ್ಲ, ಒಳಗೆ ಸೀಟಿನ ಕವರ್ ಕೂಡ ಹೊಸದರಂತಿದೆ. "ತಮ್ಮಾ, ಒಂದು ದಿನಾನೂ ಹೊಲಸು ಬಿಟ್ಟಿಲ್ಲ ನೋಡು. ಬೆಳಿಗ್ಗೆ ಎದ್ದು ಕಾರು ಒರೆಸಿದ ಮೇಲೇ ಚಹಾ. ಆದರೂ ಯಾಕೋ ಮಬ್ಬು ಹಿಡಿದೈತಿ" ಅಂದರು.

ಕಾರನ್ನು ಒಳಗೆ ತಗೊಂಡು ಬಾನೆಟ್ ಮೇಲೆ ಎಲ್‌ಇಡಿ ದೀಪ ಹಿಡಿದೆ. ದೀಪದ ಬೆಳಕು ಬಿದ್ದ ಜಾಗದ ಸುತ್ತ ಸಾವಿರಾರು ಸಣ್ಣ ಗೆರೆಗಳು, ಜೇಡರ ಬಲೆಯ ಹಾಗೆ ಸುತ್ತುಸುತ್ತಾಗಿ ಎದ್ದು ಕಂಡವು. ದೀಪ ಪಕ್ಕಕ್ಕೆ ಸರಿಸಿದರೆ ಬಲೆಯೂ ಅದರ ಜೊತೆ ಸರಿಯುತ್ತೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿ ನೋಡಿದರು. "ಇದೇನಿದು?" ಅಂತ ಕೇಳಿದರು. ಹೇಳಲೇಬೇಕಾಯಿತು. ದಿನಾ ಬೆಳಿಗ್ಗೆ ಒರೆಸಿದ್ದರಿಂದ ಆದ ಗೆರೆಗಳು ಮೇಷ್ಟ್ರೇ, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಇದು ನಾನೇ ಮಾಡಿದ್ದಾ?" ಅಂದರು. ನನಗೆ ತಕ್ಷಣ ಉತ್ತರ ಬರಲಿಲ್ಲ.

ಈ ಕೆಲಸದಲ್ಲಿ ನನಗೆ ಹೆಚ್ಚು ಸಂಕಟ ಕೊಡುವುದು ಇದೇ. ಕಾರಿನ ಮೇಲೆ ಅತಿ ಪ್ರೀತಿ ಇಟ್ಟವರ ಪೇಂಟೇ ಅತಿ ಕೆಟ್ಟಿರುತ್ತದೆ. ಮೇಷ್ಟ್ರ ಪಕ್ಕದ ಮನೆಯವರದ್ದೂ ಅದೇ ಮಾಡೆಲ್, ಅದೇ ಬಣ್ಣ. ಅವರು ತಿಂಗಳಿಗೆ ಎರಡು ಸಲ ನೀರು ಹಾಕಿ ತೊಳೆದರೆ ಹೆಚ್ಚು, ಉಳಿದ ದಿನ ಮುಟ್ಟುವುದೇ ಇಲ್ಲ. ಅವರ ಬಾನೆಟ್‌ನಲ್ಲಿ ಇವತ್ತಿಗೂ ಮುಖ ನೋಡಿಕೊಳ್ಳಬಹುದು.

ಬಕೆಟ್, ಶಾಂಪೂ, ಪೈಪು ಎಲ್ಲರಿಗೂ ಗೊತ್ತು, ಅದನ್ನು ನಾನು ಹೇಳಬೇಕಿಲ್ಲ. ನನಗೆ ಹೇಳಬೇಕಿರುವುದು ಒಂದೇ ವಿಷಯ. ಗೆರೆ ಹಾಕುವುದು ಬಟ್ಟೆ ಅಲ್ಲ, ಬಟ್ಟೆಯ ಕೆಳಗೆ ಸಿಕ್ಕಿಕೊಂಡ ಧೂಳು. ಧೂಳು ಅಂದರೆ ಕಲ್ಲು. ಅದನ್ನು ಪೇಂಟಿನ ಮೇಲೆ ಎಳೆಯಬಾರದು, ತೇಲಿಸಿ ಇಳಿಸಬೇಕು.

ನಮ್ಮ ಕಡೆಯ ಧೂಳನ್ನೇ ತಗೊಳ್ಳಿ. ಸಂಡೂರಿನ ಕಡೆಯಿಂದ ಬರುವ ಅದಿರು ಲಾರಿಗಳ ಹಿಂದೆ ಹತ್ತು ಕಿಲೋಮೀಟರ್ ಬಂದರೆ ಬಿಳಿ ಕಾರು ಕೆಂಪಾಗುತ್ತೆ. ಆ ಕೆಂಪು ಹುಡಿ ಹೆಮಟೈಟ್ ಅನ್ನುವ ಕಬ್ಬಿಣದ ಅದಿರು, ಗಟ್ಟಿತನದಲ್ಲಿ ಹೆಚ್ಚುಕಡಿಮೆ ಗಾಜಿಗೆ ಸಮ. ಇನ್ನು ಸುತ್ತ ಇರುವುದೆಲ್ಲ ಗ್ರಾನೈಟ್ ಗುಡ್ಡಗಳು. ಆ ಕಲ್ಲು ಸವೆದು ಉದುರುವ ಮರಳಿನಲ್ಲಿ ಬೆಣಚುಕಲ್ಲು ಇರುತ್ತೆ. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚು 7ನೇ ಮೆಟ್ಟಿಲಲ್ಲಿದೆ, ಗಾಜು ಐದೂವರೆಯ ಆಸುಪಾಸು. ಗಾಜನ್ನೇ ಗೀರುವ ವಸ್ತು ಅದು. ಕಾರಿನ ಮೇಲ್ಪದರ ಏನು? ಒಂದು ತರಹದ ಪ್ಲಾಸ್ಟಿಕ್ಕು.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲದ ಒಂದು ಪಾರದರ್ಶಕ ಪದರ ಇರುತ್ತೆ, ಕ್ಲಿಯರ್ ಕೋಟ್ ಅಂತೀವಿ. ಹೊಳಪೆಲ್ಲ ಅದರದ್ದೇ. ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುವ ಅಂಶ ಇರುವುದೂ ಅದರಲ್ಲೇ. ತಗಡಿನ ಮೇಲಿನ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 40. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗಬಹುದು, ಆದರೆ ತಲೆಗೂದಲೇ 70 ಮೈಕ್ರಾನ್ ಅಂತ ಇಟ್ಟುಕೊಂಡರೆ ನಿಮ್ಮ ಕಾರಿನ ಹೊಳಪು ನಿಂತಿರುವುದು ಅರ್ಧ ಕೂದಲಿನ ದಪ್ಪದ ಮೇಲೆ.

ಇಷ್ಟು ಹೇಳಿದರೂ ಜನ ಒಪ್ಪುವುದಿಲ್ಲ. ಅದಕ್ಕೇ ಶೆಡ್ಡಿನಲ್ಲಿ ಹಳೆಯ ಸಿಡಿಗಳ ಒಂದು ಕಟ್ಟು ಇಟ್ಟುಕೊಂಡಿದ್ದೇನೆ. ಬಂದವರ ಕೈಗೆ ಒಂದು ಸಿಡಿ ಕೊಟ್ಟು, ಅವರದೇ ಕಾರಿನ ಡಿಕ್ಕಿಯಲ್ಲಿರುವ ಅವರದೇ ಒರೆಸುವ ಬಟ್ಟೆ ತರಿಸಿ, ಬಾನೆಟ್ ಮೇಲಿನ ಧೂಳನ್ನು ಅದರಲ್ಲಿ ಒಮ್ಮೆ ತೆಗೆದು ಸಿಡಿಯ ಹೊಳೆಯುವ ಬದಿಗೆ ನಾಲ್ಕು ಸಲ ಸವರಿ ಅಂತೀನಿ. ಒತ್ತುವುದೇ ಬೇಡ. ಬಿಸಿಲಿಗೆ ಹಿಡಿದು ನೋಡಿದರೆ ಬಟ್ಟೆ ಓಡಿದ ದಾರಿಯಲ್ಲೇ ಗೆರೆ. ಕಾರಿನ ಪದರ ಸಿಡಿಗಿಂತ ಸ್ವಲ್ಪ ಗಟ್ಟಿ ಇರಬಹುದು. ಆದರೆ ಸಿಡಿಯನ್ನು ಅವರು ಸವರಿದ್ದು ನಾಲ್ಕು ಸಲ, ಕಾರನ್ನು ಮೂರು ವರ್ಷದಲ್ಲಿ ಸಾವಿರ ಬೆಳಗು.

ಆಗ ಬರುವ ಮಾತು ಯಾವಾಗಲೂ ಒಂದೇ: "ನಾವು ಮೆತ್ತನೆ ಬಟ್ಟೇಲೇ ಒರೆಸೋದು." ಹಳೆ ಬನಿಯನ್, ಪಂಚೆ, ಮಗುವಿನ ಟವೆಲ್, ಒಬ್ಬರಂತೂ ರೇಷ್ಮೆ ಸೀರೆಯ ತುಂಡು ತಂದು ತೋರಿಸಿದ್ದರು. ಬಟ್ಟೆ ಎಷ್ಟೇ ಮೆತ್ತಗಿರಲಿ, ಅದರೊಳಗಿನ ಕಲ್ಲು ಮೆತ್ತಗಾಗುವುದಿಲ್ಲ. ಜೋಳದ ಹಿಟ್ಟು ಎಷ್ಟು ನುಣ್ಣಗಿದ್ದರೂ ಒಂದು ಕಣ ಮರಳಿದ್ದರೆ ರೊಟ್ಟಿ ಕಚ್ಚಿದಾಗ ಹಲ್ಲಿಗೆ ಗೊತ್ತಾಗುತ್ತಲ್ಲ, ಹಾಗೆ. ಧೂಳು ಹೊಡೆಯಲು ಅಂಗಡಿಯಲ್ಲಿ ಸಿಗುವ ಕುಚ್ಚಿನ ಡಸ್ಟರ್ ಕೂಡ ಇದಕ್ಕೆ ಹೊರತಲ್ಲ. ಎಣ್ಣೆ ಅಂಶ ಇರುವ ಡಸ್ಟರ್ ಒಂದಿಷ್ಟು ಧೂಳನ್ನು ಹಿಡಿದುಕೊಳ್ಳುತ್ತೆ ನಿಜ, ಹಿಡಿದುಕೊಂಡದ್ದನ್ನು ಮುಂದಕ್ಕೆ ಎಳೆದುಕೊಂಡೂ ಹೋಗುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸರಿಯಲ್ಲವೇ ಅನ್ನುತ್ತಾರೆ. ನಾವು ಪೇಂಟಿಂಗ್‌ನಲ್ಲಿ ಮೇಲ್ಮೈ ಸವೆಸಲು ವಾಟರ್ ಪೇಪರ್ ಅನ್ನುವ ಉಜ್ಜುಕಾಗದ ಬಳಸುವುದು ನೀರಿನಲ್ಲಿ ಅದ್ದಿಯೇ. ಬಟ್ಟೆ ಒದ್ದೆಯಾದ ಮಾತ್ರಕ್ಕೆ ಕಲ್ಲು ಹೋಗಲ್ಲ. ನೀರು ಹರಿದು ಕಲ್ಲನ್ನು ಕೊಚ್ಚಿಕೊಂಡು ಹೋಗಬೇಕು.

ಮಕ್ಕಳು ಧೂಳು ಕೂತ ಕಾರಿನ ಮೇಲೆ ಬೆರಳಲ್ಲಿ ಹೆಸರು ಬರೆಯುತ್ತಾರಲ್ಲ, ಅದನ್ನು ಒಮ್ಮೆ ಗಮನಿಸಿ. ಕಡುಬಣ್ಣದ ಕಾರಾದರೆ ತೊಳೆದ ಮೇಲೂ ಓರೆ ಬೆಳಕಿನಲ್ಲಿ ಆ ಅಕ್ಷರ ಓದಬಹುದು. ಹಿಂದಿನ ವರ್ಷ ಒಂದು ನೀಲಿ ಕಾರಿನ ಡಿಕ್ಕಿ ಮೇಲೆ ಹೀಗೆ ಉಳಿದ ಹೆಸರನ್ನು ಮಷೀನ್ ಹಿಡಿದು ತೆಗೆದಿದ್ದೇನೆ. ಮಗುವಿನ ಬೆರಳಿಗಿಂತ ಮೆತ್ತನೆ ಬಟ್ಟೆ ಯಾರ ಮನೆಯಲ್ಲೂ ಇರಲಾರದು.

ಹಾಗಾದರೆ ಧೂಳು ಕೂತರೆ ಏನು ಮಾಡಬೇಕು? ಏನೂ ಮಾಡಬೇಡಿ. ಕೂತ ಧೂಳು ಕೂತಲ್ಲೇ ಇದ್ದರೆ ಪೇಂಟಿಗೆ ಏನೂ ಆಗುವುದಿಲ್ಲ. ತೊಳೆಯುವ ದಿನದವರೆಗೆ ಮುಂದಿನ ಗಾಜು, ಕನ್ನಡಿ, ಲೈಟು ಮಾತ್ರ ಸ್ವಚ್ಛ ಮಾಡಿಕೊಂಡು ಓಡಿಸಿ. ಇದನ್ನು ಹೇಳಿದಾಗ ಜನ ನನ್ನನ್ನು ಸೋಮಾರಿತನ ಕಲಿಸುವವನ ಹಾಗೆ ನೋಡುತ್ತಾರೆ. ಮದುವೆಗೆ ಹೋಗಬೇಕು, ಕೆಂಪು ಕಾರಲ್ಲಿ ಹೇಗೆ ಹೋಗುವುದು ಅನ್ನುತ್ತಾರೆ. ಆವತ್ತು ಸರಿಯಾಗಿ ತೊಳೆದುಕೊಂಡು ಹೋಗಿ.

ಕಾಯಲಾಗದವು ಕೆಲವಿವೆ. ಹಕ್ಕಿ ಹಿಕ್ಕೆ ಆಮ್ಲೀಯ, ಬಿಸಿಲಿನಲ್ಲಿ ಕಾದ ಪೇಂಟಿನ ಮೇಲೆ ಒಂದೆರಡು ದಿನ ಬಿಟ್ಟರೆ ಅಚ್ಚು ಒತ್ತಿದ ಹಾಗೆ ಗುರುತು ಉಳಿಯುತ್ತೆ. ಮರದಿಂದ ತೊಟ್ಟಿಕ್ಕುವ ಅಂಟು, ಕಟ್ಟಡದ ಕೆಲಸದಿಂದ ಸಿಡಿದ ಸಿಮೆಂಟ್ ನೀರು ಇವನ್ನೂ ಹಾಗೇ ಬಿಡುವಂತಿಲ್ಲ. ಅವನ್ನು ಉಜ್ಜಿ ಕೀಳಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿಟ್ಟು, ನೆನೆದ ಮೇಲೆ ಮೇಲಕ್ಕೆತ್ತಿ ತೆಗೆಯಿರಿ. ಸಿಮೆಂಟ್ ಒಣಗಿ ಗಟ್ಟಿಯಾಗಿದ್ದರೆ ಮನೆಯಲ್ಲಿ ಪ್ರಯತ್ನಿಸಬೇಡಿ, ಗೊತ್ತಿರುವವರ ಹತ್ತಿರ ತನ್ನಿ.

ತೊಳೆಯುವುದಕ್ಕೆ ಟ್ಯಾಂಕರ್‌ಗಟ್ಟಲೆ ನೀರು ಬೇಕಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕುವ ಆದೇಶ ತಂದಿತು. ಆ ಬೇಸಿಗೆಗೆ ಅದು ಬೇಕೇ ಬೇಕಿತ್ತು. ಆದರೆ ಪೈಪು ಬಿಟ್ಟವರು ಅನೇಕರು ಒಣ ಬಟ್ಟೆ ಹಿಡಿದರು. ಬೆಂಗಳೂರಿನಿಂದ ಊರಿಗೆ ಬಂದಾಗ ನನ್ನ ಹತ್ತಿರ ಕಾರು ತರುವ ಹುಡುಗರ ಪೇಂಟ್ ನೋಡಿದರೆ ಇದು ಗೊತ್ತಾಗುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಗಿನ ಜಾವ ಬಂದು ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಇಪ್ಪತ್ತು ಕಾರು ಒರೆಸುವ ಹುಡುಗನನ್ನು ದಯವಿಟ್ಟು ಬಯ್ಯಬೇಡಿ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟು ನೀರೂ ಕೊಟ್ಟಿಲ್ಲ. ದಿನಾ ಒರೆಸುವ ಬದಲು ವಾರಕ್ಕೊಮ್ಮೆ ತೊಳೆದುಕೊಡು ಅಂತ ಹೇಳಿ, ಅದೇ ಸಂಬಳ ಕೊಡಿ. ಇಬ್ಬರಿಗೂ ಒಳ್ಳೆಯದು.

ನಾನು ಮನೆಯಲ್ಲಿ ಮಾಡುವುದು ಹೀಗೆ. ಕಾರು ನೆರಳಿನಲ್ಲಿರಬೇಕು, ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಏಪ್ರಿಲ್‌ನಲ್ಲಿ ನಮ್ಮ ಕಡೆ ಅದು ಬೆಳಿಗ್ಗೆ ಏಳರೊಳಗೆ ಮಾತ್ರ ಸಾಧ್ಯ. ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪು ಇರುತ್ತಲ್ಲ, ಅಂಥ ಹೊಸದೊಂದನ್ನು ಇದಕ್ಕೆಂದೇ ತಂದಿಟ್ಟಿದ್ದೇನೆ. ಔಷಧಿ ಹೊಡೆದ ಪಂಪನ್ನೇ ತೊಳೆದು ಬಳಸುತ್ತೇನೆ ಅನ್ನಬೇಡಿ. ಅದರಲ್ಲಿ ಶಾಂಪೂ ನೀರು ತುಂಬಿ, ಕಾರು ಪೂರ್ತಿ ನೆನೆಯುವ ಹಾಗೆ ಹೊಡೆದು ನಾಲ್ಕೈದು ನಿಮಿಷ ಬಿಡುತ್ತೇನೆ, ಒಣಗಲು ಬಿಡುವುದಿಲ್ಲ. ಆಮೇಲೆ ಮೇಲಿನಿಂದ ಚೊಂಬಿನಲ್ಲಿ ಸುರಿಯುತ್ತೇನೆ. ಇಷ್ಟರಲ್ಲಿ ಬಹುಪಾಲು ಕಲ್ಲು ಹರಿದುಹೋಗಿರುತ್ತೆ, ಇನ್ನೂ ಒಂದು ಸಲವೂ ಕೈ ಮುಟ್ಟಿಸಿಲ್ಲ. ಹೀಗೆ ಮುಟ್ಟದೆ ಇಳಿಸಿದ ಧೂಳೇ ಇಡೀ ಕೆಲಸದ ಮುಖ್ಯ ಭಾಗ. ಅವಸರದಲ್ಲಿ ಎಲ್ಲರೂ ಬಿಡುವುದೂ ಇದನ್ನೇ.

ಉಳಿದದ್ದಕ್ಕೆ ಎರಡು ಬಕೆಟ್. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗವಸಿನಿಂದ ಒಂದು ಭಾಗ ಒರೆಸಿದ ಕೂಡಲೇ ಬರೀ ನೀರಿನಲ್ಲಿ ಜಾಲಿಸಿ ಆಮೇಲೆ ಶಾಂಪೂಗೆ ಅದ್ದಬೇಕು. ಮೊದಲು ಟಾಪ್, ಗಾಜು, ಬಾನೆಟ್, ಕೊನೆಗೆ ಬಾಗಿಲಿನ ಕೆಳಭಾಗ. ಕೊಳೆ ಹೆಚ್ಚಿರುವುದು ಅಲ್ಲೇ. ಕೈ ಗಿರಗಿರ ತಿರುಗಿಸುವ ಬದಲು ನೇರ ಓಡಲಿ, ಒತ್ತಬೇಡಿ. ಚಕ್ರಕ್ಕೆ ಬೇರೆ ಬಟ್ಟೆ, ಬೇರೆ ನೀರು. ಬ್ರೇಕಿನಿಂದ ಉದುರಿದ ಕಬ್ಬಿಣದ ಹುಡಿ ಅಲ್ಲಿರುತ್ತೆ. ಬಟ್ಟೆ ನೆಲಕ್ಕೆ ಬಿತ್ತೋ, ಅದು ಆವತ್ತಿಗೆ ಮುಗಿಯಿತು, ಕೊಡವಿಕೊಂಡು ಮತ್ತೆ ಹಚ್ಚಬೇಡಿ. ಬಟ್ಟೆ ಸೋಪಿನ ಪುಡಿ ಬೇಡ. ಡೀಸೆಲ್ ಹಚ್ಚಿ ಒರೆಸಿದರೆ ಹೊಳೆಯುತ್ತೆ ಅಂತ ಕೆಲವು ವಾಟರ್ ಸರ್ವಿಸ್‌ನವರು ಹೇಳುತ್ತಾರೆ, ಆ ಜಿಡ್ಡಿಗೆ ಮರುದಿನದ ಧೂಳೆಲ್ಲ ಅಂಟುತ್ತೆ.

ನಮ್ಮ ಬೋರ್ ನೀರು ಗಡಸು. ಹಾಗೇ ಒಣಗಲು ಬಿಟ್ಟರೆ ಸುಣ್ಣದ ಬಿಳಿ ಚುಕ್ಕೆ ಕೂರುತ್ತೆ, ಬಿಸಿಲಿಗೆ ಕಚ್ಚಿಕೊಂಡರೆ ಬಿಡಿಸುವುದು ಕಷ್ಟ. ಹಾಗಾಗಿ ಕೊನೆಯ ಸಲ ಸುರಿಯಲು ಸಾಧ್ಯವಾದರೆ ಒಂದು ಬಕೆಟ್ ಮಳೆನೀರೋ ಸಿಹಿನೀರೋ ಎತ್ತಿಡಿ. ದಪ್ಪ ಮೈಕ್ರೋಫೈಬರ್ ಟವೆಲನ್ನು ಮೇಲೆ ಹಾಸಿ, ಅಂಗೈಯಿಂದ ಮೆಲ್ಲಗೆ ತಟ್ಟಿ, ಎತ್ತಿ. ಟವೆಲ್ ಅಂಚಿನಲ್ಲಿ ಹೊಲಿದ ಕಂಪನಿ ಚೀಟಿಯನ್ನು ಮೊದಲೇ ಕತ್ತರಿಸಿ, ಅದೂ ಗೀರುತ್ತೆ.

"ಗೆರೆ ಬಿದ್ದರೆ ಬೀಳಲಿ, ಪಾಲಿಶ್ ಮಾಡಿಸಿದರಾಯ್ತು" ಅನ್ನುವವರಿಗೆ ಒಂದು ಮಾತು. ನಾನು ಕೆಲಸ ಕಲಿಯುವಾಗ ಅಂಬಾಸಿಡರ್ ಕಾರುಗಳಿಗೆ ಕಾಂಪೌಂಡ್ ಅನ್ನುವ ಉಜ್ಜುವ ಪೇಸ್ಟ್ ಹಚ್ಚಿ ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣವೇ ಬರುತ್ತಿತ್ತು. ಏನು ಸವೆಯುತ್ತಿದೆ ಅಂತ ಕಣ್ಣಿಗೆ ಕಾಣುತ್ತಿತ್ತು, ಕೈ ತಾನಾಗಿ ನಿಲ್ಲುತ್ತಿತ್ತು. ಕ್ಲಿಯರ್ ಕೋಟ್‌ಗೆ ಬಣ್ಣವಿಲ್ಲ, ಅದು ಸವೆದದ್ದು ಯಾರಿಗೂ ಕಾಣುವುದಿಲ್ಲ. ಆದರೆ ಪಾಲಿಶ್ ಅಂದರೆ ಸವೆಸುವುದೇ. ಗೆರೆಯ ತಳದವರೆಗೆ ಸುತ್ತಲಿನ ಪದರವನ್ನೆಲ್ಲ ಇಳಿಸುವುದು. ಮೇಷ್ಟ್ರು ಆಗಲೇ ಬೇರೆ ಕಡೆ ಎರಡು ಸಲ ಮಾಡಿಸಿದ್ದರು. ಪೇಂಟಿನ ದಪ್ಪ ಅಳೆಯುವ ಗೇಜ್ ಇಟ್ಟು ನೋಡಿದರೆ ಟಾಪ್ ಮೇಲೆ 116 ಮೈಕ್ರಾನ್, ಬಾನೆಟ್ ಮೇಲೆ 104. ಕಾರ್ಖಾನೆಯಲ್ಲೇ ಒಂದಿಷ್ಟು ವ್ಯತ್ಯಾಸ ಇರುತ್ತೆ, ಗೇಜ್ ತೋರಿಸುವುದೂ ಒಟ್ಟು ದಪ್ಪ, ಹಾಗಾಗಿ ಇಷ್ಟೇ ಹೋಗಿದೆ ಅಂತ ಖಂಡಿತವಾಗಿ ಹೇಳಲಾರೆ. ಆದರೂ ಗೆರೆ ಪೂರ್ತಿ ಹೋಗುವವರೆಗೆ ಮಷೀನ್ ಹಿಡಿಯಲು ನನಗೆ ಮನಸ್ಸಾಗಲಿಲ್ಲ. ನುಣ್ಣನೆ ಪಾಲಿಶ್‌ನಲ್ಲಿ ಹಗುರವಾಗಿ ಒಂದು ಸಲ ಓಡಿಸಿ, ಆಳದ ಗೆರೆಗಳನ್ನು ಹಾಗೇ ಬಿಟ್ಟು, ವ್ಯಾಕ್ಸ್ ಹಚ್ಚಿ ಕಳಿಸಿದೆ.

ಕ್ಲಿಯರ್ ಕೋಟ್ ಮೇಲೆ ಹಚ್ಚುವ ರಕ್ಷಣೆಯ ಪದರ, ಅಂದರೆ ಸೆರಾಮಿಕ್ ಕೋಟಿಂಗ್ ಮಾಡಿಸಿದವರೂ ಇದೇ ತಪ್ಪು ಮಾಡುತ್ತಾರೆ. ಡಬ್ಬದ ಮೇಲೆ 9ಎಚ್ ಅಂತ ಬರೆದಿರುತ್ತೆ, ಅದನ್ನು ನೋಡಿ ಇನ್ನು ಗೆರೆಯೇ ಬೀಳುವುದಿಲ್ಲ ಅಂದುಕೊಳ್ಳುತ್ತಾರೆ. ಅದು ಪೆನ್ಸಿಲ್ ಲೆಕ್ಕ. 9ಎಚ್ ಪೆನ್ಸಿಲ್‌ನಲ್ಲಿ ಗೀಚಿದರೆ ಗೀರು ಬೀಳಲ್ಲ ಅಂತಷ್ಟೇ ಅರ್ಥ. ನಮ್ಮ ರಸ್ತೆಯ ಮರಳು ಪೆನ್ಸಿಲ್‌ಗಿಂತ ಬಹಳ ಗಟ್ಟಿ. ಕೋಟಿಂಗ್‌ನಿಂದ ನೀರು ಜಾರುತ್ತೆ, ಕೊಳೆ ಸುಲಭವಾಗಿ ಬಿಡುತ್ತೆ, ಅದು ಒಳ್ಳೆಯದೇ. ಒಣ ಬಟ್ಟೆಯಿಂದ ಅದು ಕಾಪಾಡುವುದಿಲ್ಲ.

ಆಯುಧಪೂಜೆ ಮುಗಿದ ವಾರ ನಮ್ಮ ಶೆಡ್ಡಿನ ಮುಂದೆ ಕಾರುಗಳ ಸಾಲು ನಿಲ್ಲುತ್ತೆ, ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ಅರಿಶಿನ ಕುಂಕುಮವನ್ನು ಗಾಜಿಗೂ ನಂಬರ್ ಪ್ಲೇಟಿಗೂ ಹಚ್ಚಿ, ಬಿಳಿ ಕಾರಿನ ಬಾನೆಟ್‌ಗೆ ಬೇಡ. ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತೆ, ಅಂಗಡಿ ಕುಂಕುಮದ ಗುಲಾಬಿ ಕಲೆ ಅಷ್ಟು ಸುಲಭವಾಗಿ ಹೋಗಲ್ಲ. ವಿಭೂತಿಯನ್ನು ಒಣಗಿದ ಮೇಲೆ ಕೈಯಿಂದ ಉಜ್ಜಬೇಡಿ. ಬಾಳೆಕಂದು ಕಟ್ಟಿಕೊಂಡು ಊರೆಲ್ಲ ಸುತ್ತಿದರೆ ಗಾಳಿಗೆ ಎಲೆ ಬಡಿದು ಬಡಿದು ಧೂಳನ್ನು ಅಲ್ಲೇ ತಿಕ್ಕುತ್ತೆ, ಮಡ್‌ಗಾರ್ಡ್ ಮೇಲೆ ಬೀಸಣಿಗೆಯ ಆಕಾರದಲ್ಲಿ ಗೆರೆ ಬಿದ್ದದ್ದನ್ನು ಎಷ್ಟೋ ಕಾರಿನಲ್ಲಿ ನೋಡಿದ್ದೇನೆ. ಪೂಜೆ ಮುಗಿಸಿ, ಬೂದುಗುಂಬಳಕಾಯಿ ಒಡೆದು, ಒಂದು ಸುತ್ತು ಹೋಗಿಬಂದ ಮೇಲೆ ಬಾಳೆಕಂದು ಬಿಚ್ಚಿಡಿ. ಸಂಜೆಯೊಳಗೆ ಬಂಪರ್‌ಗೂ ಕುಂಕುಮ ಇರುವ ಕಡೆಗೂ ಎರಡು ಚೊಂಬು ನೀರು ಸುರಿಯಿರಿ. ಆಗಲೂ ಒರೆಸಬೇಡಿ, ಸುರಿದು ಬಿಡಿ.