ಬಾಂಗ್ಲಾದೇಶದ ಶರ್ಟು: "ಕೂಲಿ ಅಗ್ಗ" ಅಂದರೆ ಅರ್ಧ ಉತ್ತರ ಮಾತ್ರ

ಬಾಂಗ್ಲಾದೇಶ ಉಡುಪು ರಫ್ತಿನಲ್ಲಿ ಅಷ್ಟು ಮೇಲೆ ಬಂದಿದ್ದು ಹೇಗೆ? ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ನಮ್ಮಲ್ಲಿ ಬಹಳ ಜನ ಒಂದೇ ಸಾಲು ಬರೆದು ಮುಗಿಸುತ್ತೇವೆ: ಅಲ್ಲಿ ಕೂಲಿ ಅಗ್ಗ. ನಾನೂ ಮೊದಲು ಹಾಗೇ ಬರೆದಿದ್ದೆ. ಆದರೆ 1970ರ ದಶಕದಲ್ಲಿ ಅಗ್ಗದ ಕೂಲಿಗೆ ಬರ ಎಲ್ಲಿತ್ತು? ನೇಪಾಳದಲ್ಲೂ ಇತ್ತು, ಆಫ್ರಿಕಾದ ಎಷ್ಟೋ ದೇಶಗಳಲ್ಲೂ ಇತ್ತು. ಹೊಲಿಗೆ ಯಂತ್ರಗಳು ಚಿತ್ತಗಾಂಗ್, ಢಾಕಾಕ್ಕೇ ಯಾಕೆ ಬಂದವು? ಇದಕ್ಕೆ ಉತ್ತರ ಸುಂಕ, ಕೋಟಾ, ಬ್ಯಾಂಕಿನ ಕಾಗದಗಳಲ್ಲಿದೆ. ಓದೋಕೆ ಸ್ವಲ್ಪ ಬೋರು, ಆದರೆ ಅಂಕವೂ ಅಲ್ಲೇ ಇದೆ.

ಕೋಟಾ ತಂದ ಅದೃಷ್ಟ

1974ರಲ್ಲಿ ಮಲ್ಟಿ ಫೈಬರ್ ಅರೇಂಜ್‌ಮೆಂಟ್ ಎಂಬ ಒಪ್ಪಂದ ಜಾರಿಗೆ ಬಂತು. ಸುಲಭಕ್ಕೆ ಎಂಎಫ್‌ಎ ಅನ್ನೋಣ. ಅಮೆರಿಕ ಮತ್ತು ಯುರೋಪು ತಮ್ಮ ಜವಳಿ ಗಿರಣಿಗಳನ್ನು ಉಳಿಸಿಕೊಳ್ಳಲು ಇದರಡಿ ಒಂದೊಂದು ದೇಶಕ್ಕೂ ಮಿತಿ ಹಾಕಿದವು: ನೀವು ವರ್ಷಕ್ಕೆ ಇಷ್ಟೇ ಶರ್ಟು ಕಳಿಸಬೇಕು. ಈ ಮಿತಿಯೇ ಕೋಟಾ. ದಕ್ಷಿಣ ಕೊರಿಯಾ, ಹಾಂಗ್‌ಕಾಂಗ್, ತೈವಾನ್‌ಗಳಿಗೆ ಇದರ ಬಿಸಿ ಜೋರಾಗಿ ತಟ್ಟಿತು. ಅವರ ಹತ್ತಿರ ಯಂತ್ರವಿತ್ತು, ಕೊಳ್ಳುವವರಿದ್ದರು, ಆದರೆ ಕೋಟಾ ಮುಗಿದುಹೋಗಿತ್ತು. ಬಾಂಗ್ಲಾದೇಶದಲ್ಲಿ ಎಲ್ಲ ಉಲ್ಟಾ. ಅಲ್ಲಿ ರಫ್ತು ಮಾಡುವ ಗಾರ್ಮೆಂಟ್ಸ್ ಕಾರ್ಖಾನೆಗಳೇ ಇಲ್ಲದಂತಿದ್ದವು, ಹಾಗಾಗಿ ಯಾರೂ ಮಿತಿ ಹಾಕಿರಲಿಲ್ಲ.

ಕೊರಿಯಾದ ಡೇವೂ ಕಂಪನಿ ಇದನ್ನು ಗಮನಿಸಿತು. 1978ರಲ್ಲಿ ನೂರುಲ್ ಖಾದರ್ ಅವರ ದೇಶ್ ಗಾರ್ಮೆಂಟ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ದೇಶ್‌ನ 130 ಜನ ಕೊರಿಯಾದ ಪುಸಾನ್‌ಗೆ ಹೋಗಿ ತಿಂಗಳುಗಟ್ಟಲೆ ಕೆಲಸ ಕಲಿತು ಬಂದರು. 1980ರಲ್ಲಿ ಕಾರ್ಖಾನೆ ಶುರುವಾಯಿತು. ಮೊದಲ ವರ್ಷ ಹೊಲಿದದ್ದು ಸುಮಾರು 43,000 ಶರ್ಟು. ಇವತ್ತಿನ ಲೆಕ್ಕದಲ್ಲಿ ಅದು ಏನೂ ಅಲ್ಲ.

ನನಗೆ ತುಂಬಾ ಹಿಡಿಸಿದ್ದು ಮುಂದಿನ ಭಾಗ. ಆ 130 ಜನರಲ್ಲಿ 115 ಮಂದಿ 1980ರ ದಶಕದಲ್ಲೇ ದೇಶ್ ಬಿಟ್ಟರು. ಕೆಲವರು ಬೇರೆ ಕಾರ್ಖಾನೆ ಸೇರಿದರು, ಕೆಲವರು ತಾವೇ ಕಾರ್ಖಾನೆ ಹಾಕಿದರು. ದೇಶ್‌ಗೆ ಇದು ನಷ್ಟ, ದೇಶಕ್ಕೆ ಲಾಭ. ಪಠ್ಯದಲ್ಲಿ "ಜ್ಞಾನದ ಹರಡುವಿಕೆ" ಅಂತ ಓದುತ್ತೇವಲ್ಲ, ಅದು ನಿಜದಲ್ಲಿ ಹೀಗಿರುತ್ತದೆ: ಕೆಲಸ ಕಲಿತವರು ನೌಕರಿ ಬಿಟ್ಟು ಪಕ್ಕದ ಬೀದಿಯಲ್ಲಿ ಶೆಡ್ ಹಾಕುತ್ತಾರೆ.

ಎರಡು ಕಾಗದಗಳು

ಕೆಲಸ ಕಲಿತರಷ್ಟೇ ಸಾಲದು, ಸುಂಕ ಮತ್ತು ಬಂಡವಾಳದ ತೊಡಕೂ ನೀಗಬೇಕು. ಇದನ್ನು ಒಂದು ಲೆಕ್ಕದಿಂದ ನೋಡೋಣ. ಸಂಖ್ಯೆಗಳು ಬರೀ ಉದಾಹರಣೆಗೆ. ಒಂದು ಶರ್ಟಿಗೆ 10 ಡಾಲರ್ ಸಿಗುತ್ತದೆ ಅಂತಿಟ್ಟುಕೊಳ್ಳಿ. ಬಟ್ಟೆ, ಗುಂಡಿ, ಜಿಪ್ ಹೊರಗಿಂದ ತರಬೇಕು, ಅದಕ್ಕೆ 6 ಡಾಲರ್. ಉಳಿದ 4 ಡಾಲರ್‌ನಲ್ಲಿ ಕೂಲಿ, ಬಾಡಿಗೆ, ಕರೆಂಟು, ಮಾಲೀಕನ ಲಾಭ ಎಲ್ಲ ಆಗಬೇಕು.

ಆಮದು ಬಟ್ಟೆಗೆ ಸರ್ಕಾರ ಶೇ. 25 ಸುಂಕ ಹಾಕಿದರೆ ಒಂದೂವರೆ ಡಾಲರ್ ಹೋಯಿತು. 4ರಲ್ಲಿ ಉಳಿದದ್ದು ಎರಡೂವರೆ. ಕೂಲಿ ಎಷ್ಟೇ ಅಗ್ಗವಿದ್ದರೂ ಹೀಗಾದರೆ ದಂಧೆ ನಡೆಯಲ್ಲ. ಬಾಂಗ್ಲಾದೇಶ ಇದಕ್ಕೆ ಬಾಂಡೆಡ್ ಗೋದಾಮಿನ ಸೌಲಭ್ಯ ಕೊಟ್ಟಿತು. ಬಟ್ಟೆಯನ್ನು ಸುಂಕವಿಲ್ಲದೆ ತಂದು ಇಟ್ಟುಕೊಳ್ಳಿ, ಹೊಲಿದು ವಾಪಸ್ ಹೊರಗೆ ಕಳಿಸಿ, ಲೆಕ್ಕ ತೋರಿಸಿ. ಆ ಬಟ್ಟೆ ಊರಿನ ಮಾರುಕಟ್ಟೆಗೆ ಹೋಗಬಾರದು, ಅಷ್ಟೇ ಷರತ್ತು.

ಸರಿ, ಆ 6 ಡಾಲರ್ ತರುವುದು ಎಲ್ಲಿಂದ? ಅದಕ್ಕೆ ಬ್ಯಾಕ್ ಟು ಬ್ಯಾಕ್ ಎಲ್‌ಸಿ. ಎಲ್‌ಸಿ ಅಂದರೆ ಲೆಟರ್ ಆಫ್ ಕ್ರೆಡಿಟ್, ಹಣಕ್ಕೆ ಬ್ಯಾಂಕು ಕೊಡುವ ಖಾತರಿ ಪತ್ರ. ವಿದೇಶಿ ಖರೀದಿದಾರ "ಶರ್ಟು ಬಂದರೆ ಹಣ ಗ್ಯಾರಂಟಿ" ಅಂತ ತನ್ನ ಬ್ಯಾಂಕಿನ ಮೂಲಕ ಒಂದು ಎಲ್‌ಸಿ ಕಳಿಸುತ್ತಾನೆ. ಅದನ್ನೇ ಆಧಾರವಾಗಿಟ್ಟುಕೊಂಡು ಬಾಂಗ್ಲಾದೇಶದ ಬ್ಯಾಂಕು ಬಟ್ಟೆ ಮಾರುವವನ ಹೆಸರಿಗೆ ಇನ್ನೊಂದು ಎಲ್‌ಸಿ ತೆಗೆಯುತ್ತದೆ. ಶರ್ಟು ಹೋಗಿ ಹಣ ಬಂದಾಗ ಬಟ್ಟೆಯ ಸಾಲ ತೀರುತ್ತದೆ. ಬಟ್ಟೆಗೆ ಕೈಯಿಂದ ಬಂಡವಾಳ ಹಾಕಬೇಕಿಲ್ಲ. ಆ 115 ಜನರಲ್ಲಿ ಕೆಲವರು ಮಾಲೀಕರಾಗಲು ಸಾಧ್ಯವಾಗಿದ್ದರ ಹಿಂದೆ ಈ ಕಾಗದದ ಪಾಲು ದೊಡ್ಡದು.

ಯುರೋಪಿನ ನಿಯಮ, ಬಾಂಗ್ಲಾದ ಗಿರಣಿ

2001ರಲ್ಲಿ ಯುರೋಪಿಯನ್ ಒಕ್ಕೂಟ ಅತಿ ಹಿಂದುಳಿದ ದೇಶಗಳಿಗೆ ಆಯುಧ ಬಿಟ್ಟು ಉಳಿದೆಲ್ಲಕ್ಕೂ ಸುಂಕ ತೆಗೆಯಿತು. ನಮ್ಮ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಹೊಲಿದ ಶರ್ಟು ವರ್ಷಗಳ ಕಾಲ ಅಲ್ಲಿ ಶೇ. 9ಕ್ಕೂ ಜಾಸ್ತಿ ಸುಂಕ ಕಟ್ಟುತ್ತಿತ್ತು. ಬಾಂಗ್ಲಾದೇಶದ್ದು ಸೊನ್ನೆ.

ಆದರೆ ಒಂದು ಕೊಕ್ಕೆ ಇತ್ತು. ಸೊನ್ನೆ ಸುಂಕ ಬೇಕಾದರೆ ಎರಡು ಹಂತದ ಕೆಲಸ ಬಾಂಗ್ಲಾದೇಶದಲ್ಲೇ ಆಗಬೇಕು: ನೂಲಿನಿಂದ ಬಟ್ಟೆ, ಬಟ್ಟೆಯಿಂದ ಉಡುಪು. ಟೀ ಶರ್ಟಿನಂಥ ಹೆಣೆದ ಬಟ್ಟೆಗೆ ಇದು ಅಷ್ಟು ಕಷ್ಟವಿಲ್ಲ, ಹೆಣೆಯುವ ಯಂತ್ರಕ್ಕೆ ಬಂಡವಾಳ ಕಡಿಮೆ. ಹಾಗಾಗಿ ಅಲ್ಲಿ ಹೆಣಿಗೆ ಘಟಕಗಳು, ನೂಲಿನ ಗಿರಣಿಗಳು ಎದ್ದವು. ನೇಯ್ದ ಬಟ್ಟೆಯ ಶರ್ಟು, ಪ್ಯಾಂಟುಗಳದ್ದು ಬೇರೆ ಕತೆ, ಅವು ಚೀನಾ ಮತ್ತು ಭಾರತದ ಬಟ್ಟೆಯನ್ನೇ ನೆಚ್ಚಿಕೊಂಡಿದ್ದವು. 2011ರಲ್ಲಿ ಯುರೋಪು ಒಂದೇ ಹಂತ ಸಾಕು ಅಂದಿತು, ಆಗ ಅವಕ್ಕೂ ದಾರಿ ಸಲೀಸಾಯಿತು. ನೋಡಿ, ಬ್ರಸೆಲ್ಸ್‌ನಲ್ಲಿ ಬರೆದ ಒಂದು ನಿಯಮ ಢಾಕಾ ಸುತ್ತ ಯಾವ ಕಾರ್ಖಾನೆ ಏಳಬೇಕು ಅಂತ ತೀರ್ಮಾನಿಸಿತು. ಎಂಎಫ್‌ಎ ಕೋಟಾ 2004ರ ಕೊನೆಗೆ ಪೂರ್ತಿ ಮುಗಿದಾಗ ಬಾಂಗ್ಲಾ ಮುಳುಗುತ್ತದೆ ಅಂದವರು ಬಹಳ. ಅದು ಮುಳುಗಲಿಲ್ಲ.

ಒಂದೇ ಬುಟ್ಟಿ

ಇವತ್ತು ಆ ದೇಶದ ರಫ್ತಿನಲ್ಲಿ ಶೇ. 80ಕ್ಕಿಂತ ಜಾಸ್ತಿ ಉಡುಪೇ. ಸುಮಾರು 40 ಲಕ್ಷ ಜನಕ್ಕೆ ಅದರಲ್ಲಿ ಕೆಲಸ, ಹೆಚ್ಚಿನವರು ಹೆಣ್ಣುಮಕ್ಕಳು. ಕೊರಿಯಾ ಕೂಡ 1960ರ ದಶಕದಲ್ಲಿ ಶರ್ಟು ಮತ್ತು ಕೂದಲಿನ ವಿಗ್ ಮಾರುತ್ತಿತ್ತು. ಆದರೆ ಅಲ್ಲಿನ ಸರ್ಕಾರ ಅಗ್ಗದ ಸಾಲಕ್ಕೆ ರಫ್ತಿನ ಗುರಿಯನ್ನು ಗಂಟುಹಾಕಿತು. 1970ರ ದಶಕದಲ್ಲಿ ಉಕ್ಕಿಗೆ, ಹಡಗಿಗೆ ಏರಿತು. ಬಾಂಗ್ಲಾದೇಶದಲ್ಲಿ ಆ ಎರಡನೇ ಮೆಟ್ಟಿಲು ಕಾಣುತ್ತಿಲ್ಲ. ಗಾರ್ಮೆಂಟ್ಸ್‌ಗೆ ಸಿಕ್ಕ ಬಾಂಡೆಡ್ ಗೋದಾಮು, ಎಲ್‌ಸಿ ಸೌಲಭ್ಯ ಬೇರೆ ಉದ್ಯಮಗಳಿಗೆ ಅಷ್ಟು ಸಲೀಸಾಗಿ ಸಿಗಲಿಲ್ಲ. ನನ್ನ ಪ್ರಕಾರ ಇದು ದೊಡ್ಡ ಕಾರಣ.

ಬೆಲೆ ತೆತ್ತವರು ಯಾರು ಅನ್ನುವುದನ್ನು ಬಿಟ್ಟರೆ ಉತ್ತರ ಪೂರ್ತಿಯಾಗಲ್ಲ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿನ ಬ್ಯಾಂಕು ಮುಚ್ಚಿತು, ಮೇಲಿನ ಗಾರ್ಮೆಂಟ್ಸ್‌ನವರನ್ನು ಮಾತ್ರ ಕೆಲಸಕ್ಕೆ ಕರೆದರು. ಆಮೇಲೆ ಅಮೆರಿಕ ತನ್ನ ಸುಂಕ ರಿಯಾಯಿತಿಯನ್ನು ತಡೆಹಿಡಿಯಿತು. ತಮಾಷೆ ಏನೆಂದರೆ, ಉಡುಪಿಗೆ ಆ ರಿಯಾಯಿತಿ ಮೊದಲೂ ಇರಲಿಲ್ಲ! ನಿಜಕ್ಕೂ ಫಲ ಕೊಟ್ಟದ್ದು ಬ್ರಾಂಡುಗಳೂ ಕಾರ್ಮಿಕ ಸಂಘಗಳೂ ಸಹಿ ಹಾಕಿದ ಕಟ್ಟಡ ಸುರಕ್ಷತೆಯ ಒಪ್ಪಂದ. ಕೂಲಿ ಮಾತ್ರ ನಿಧಾನ, 2023ರ ಡಿಸೆಂಬರ್‌ನಿಂದ ತಿಂಗಳಿಗೆ ಕನಿಷ್ಠ 12,500 ಟಾಕಾ. ಬೆಂಗಳೂರಿನಲ್ಲೂ 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಿಎಫ್ ನಿಯಮದ ವಿರುದ್ಧ ರಸ್ತೆಗಿಳಿದ ಮೇಲೇ ಕೇಂದ್ರ ಹಿಂದೆ ಸರಿದದ್ದು, ನೆನಪಿದೆ ಅಲ್ವಾ?

ಇನ್ನು ಕೊನೆಯ ಲೆಕ್ಕ. ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಬಾಂಗ್ಲಾದೇಶ ಹೊರಬರಲು ವಿಶ್ವಸಂಸ್ಥೆ ನಿಗದಿ ಮಾಡಿದ ದಿನ 2026ರ ನವೆಂಬರ್ 24. ಯುರೋಪಿನ ಸೊನ್ನೆ ಸುಂಕ ಅದಾದ ಮೇಲೆ ಮೂರು ವರ್ಷ ಮಾತ್ರ. ಆಮೇಲೆ ಬೇರೆ ರಿಯಾಯಿತಿ ಸಿಗದಿದ್ದರೆ ಶೇ. 12ರವರೆಗೆ ಸುಂಕ. ಸಿಕ್ಕರೂ ಹಳೆಯ ಎರಡು ಹಂತದ ನಿಯಮ ಮತ್ತೆ ಬರುತ್ತದೆ, ಚೀನಾ ಬಟ್ಟೆಯ ಶರ್ಟು ಆಗ ಪಾಸಾಗಲ್ಲ. ನಮ್ಮ 10 ಡಾಲರ್ ಶರ್ಟಿಗೆ ಇದನ್ನು ಹಾಕಿ ನೋಡಿ: ಸುಂಕ 1 ಡಾಲರ್ 20 ಸೆಂಟ್. ಖರೀದಿದಾರ ಅದನ್ನು ತನ್ನ ಜೇಬಿನಿಂದ ಕೊಡಲ್ಲ ಅಂದರೆ, ಆ 4 ಡಾಲರ್‌ನಲ್ಲಿ ಯಾರ ಪಾಲು ಕಡಿಮೆಯಾಗುತ್ತದೆ?