ತಾಯಿ ಪ್ರಭಾವ: ಮೊಲದ ಮರಿಯ ಮೊದಲ ಮೂರು ವಾರ

ಮಾಂಸಕ್ಕೆಂದು ಮೊಲ ಸಾಕಲು ಹೊರಟವರು ಮರಿ ಕೊಳ್ಳುವಾಗ ಗುಂಪಿನಲ್ಲಿ ದಪ್ಪಗಿರುವುದಕ್ಕೇ ಕೈ ಹಾಕುತ್ತಾರೆ. ಆ ಮೈ ಬಂದದ್ದು ತಳಿಗುಣದಿಂದಲೋ ತಾಯಿಯ ಆರೈಕೆಯಿಂದಲೋ? ವಂಶವಾಹಿಯ ಪಾಲನ್ನು ಬಿಟ್ಟು ಗರ್ಭ, ಹಾಲು, ಗೂಡಿನ ಬೆಚ್ಚಗೆ ಇವುಗಳಿಂದ ಮರಿಯ ಬೆಳವಣಿಗೆಯಲ್ಲಿ ಆಗುವ ಹೆಚ್ಚುಕಡಿಮೆಗೆ ತಳಿಶಾಸ್ತ್ರದಲ್ಲಿ 'ತಾಯಿ ಪ್ರಭಾವ' ಎನ್ನುತ್ತಾರೆ.

ಮೊಲದ ಗಬ್ಬದ ಅವಧಿ ಸುಮಾರು 31 ದಿನ. ನ್ಯೂಜಿಲೆಂಡ್ ವೈಟ್‌ನಂಥ ಮಾಂಸದ ತಳಿಯ ಮರಿ ಹುಟ್ಟುವಾಗ ಸಾಮಾನ್ಯವಾಗಿ 50ರಿಂದ 60 ಗ್ರಾಂ ತೂಗುತ್ತದೆ. ಒಂದೇ ಸೂಲಿಗೆ ಹತ್ತು ಮರಿ ಬಂದರೆ ಒಂದೊಂದರ ತೂಕವೂ ಇಳಿಯುತ್ತದೆ. 35 ಗ್ರಾಂ ಮುಟ್ಟದ ಮರಿ ಉಳಿಯುವುದೇ ಕಷ್ಟ.

ಹುಟ್ಟಿದ ಮೇಲಿನ ಲೆಕ್ಕವೆಲ್ಲ ಹಾಲಿನದು. ತಾಯಿ ಮೊಲ ಹಾಲೂಡಿಸುವುದು ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, ಅದೂ ಮೂರು ನಾಲ್ಕು ನಿಮಿಷ. ಆ ನೂಕುನುಗ್ಗಲಲ್ಲಿ ಮೊಲೆ ಸಿಗದ ಮರಿ ಮರುದಿನದವರೆಗೆ ಕಾಯಬೇಕು. ಮರಿ ಹಾಕುವ ಪೆಟ್ಟಿಗೆಯಲ್ಲಿ ತಾಯಿ ತನ್ನ ಮೈಯಿಂದ ಕಿತ್ತು ಹಾಸಿದ ತುಪ್ಪಟ ಸರಿಸಿದರೆ ಗೊತ್ತಾಗಿಬಿಡುತ್ತದೆ: ಕುಡಿದ ಮರಿಯ ಹೊಟ್ಟೆ ಉಬ್ಬಿ, ತೆಳು ಚರ್ಮದೊಳಗಿನ ಹಾಲು ಬೆಳ್ಳಗೆ ಕಾಣುತ್ತದೆ. ಕುಡಿಯದ್ದರ ಮೈ ಸುಕ್ಕುಗಟ್ಟಿ, ಮುಟ್ಟಿದರೆ ತಣ್ಣಗಿರುತ್ತದೆ. ಸುಮಾರು ಮೂರು ವಾರದವರೆಗೆ ಮರಿ ಬಹುಪಾಲು ಹಾಲಿನ ಮೇಲೇ ಬೆಳೆಯುವುದರಿಂದ, 21ನೇ ದಿನ ಇಡೀ ಸೂಲಿನ ಮರಿಗಳನ್ನು ತೂಗಿ ತಾಯಿಯ ಹಾಲಿನ ಶಕ್ತಿಯನ್ನು ಅಳೆಯುವ ರೂಢಿಯಿದೆ.

ನಮ್ಮ ಚಳ್ಳಕೆರೆ, ಹಿರಿಯೂರು ಕಡೆಯ ಬೇಸಿಗೆಯನ್ನು ಇಲ್ಲಿ ಮರೆಯುವಂತಿಲ್ಲ. ಬಿಸಿಲು 30 ಡಿಗ್ರಿ ದಾಟಿದರೆ ತಾಯಿ ಮೊಲ ಮೇವು ಕಡಿಮೆ ಮಾಡುತ್ತದೆ, ಹಾಲು ತಗ್ಗುತ್ತದೆ. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನ ಕೆಳಗೆ ಹುಟ್ಟಿದ ಮರಿ ಸಣಕಲಾದರೆ ತಳಿಯನ್ನು ದೂರುವುದು ಅನ್ಯಾಯ. ಚನ್ನಗಿರಿ ಕಡೆಯವರಿಗೆ ಅಡಿಕೆ ತೋಟದ ನೆರಳಾದರೂ ಇದೆ. ಪುಷ್ಯದ ಚಳಿಯಲ್ಲಿ ತೊಂದರೆ ಮರಿಯದೇ: ರೋಮವಿಲ್ಲದ ಅದಕ್ಕೆ ಗೂಡಿನಲ್ಲಿ 30 ಡಿಗ್ರಿಯ ಆಸುಪಾಸಿನ ಶಾಖ ಬೇಕು, ಸೆಟೆದುಕೊಂಡರೆ ಮೊಲೆ ಚೀಪಲೂ ಆಗದು.

ಹಾಲು ಬಿಡಿಸಿದ ಮೇಲೆ ತಾಯಿ ಪ್ರಭಾವ ನಿಧಾನವಾಗಿ ಕರಗುತ್ತದೆ. ಆದರೆ ಮಾಂಸದ ಮೊಲವನ್ನು ಎರಡು ಕಿಲೋ ಆಸುಪಾಸಿನಲ್ಲಿ, ಮೂರು ತಿಂಗಳಿಗೇ ಮಾರುವುದರಿಂದ ಹಿಂದೆಬಿದ್ದ ಮರಿಗೆ ಚೇತರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಆಮೇಲೆ ಎಷ್ಟು ಫೀಡ್ ಸುರಿದರೂ ಆ ಕೊರತೆ ಪೂರ್ತಿ ತುಂಬುವುದು ಅಪರೂಪ.

ಇದಕ್ಕೆ ಒಳ್ಳೆಯ ದಾರಿ ಸಾಕುತಾಯಿಗೆ ಹಚ್ಚುವುದು. ಎರಡು ಮೂರು ಹೆಣ್ಣುಗಳನ್ನು ಒಂದೇ ದಿನ ಗಂಡಿಗೆ ಬಿಟ್ಟರೆ ಹೆಚ್ಚುಕಡಿಮೆ ಒಟ್ಟಿಗೇ ಈಯುತ್ತವೆ. ಮೊದಲ ಎರಡು ಮೂರು ದಿನದೊಳಗೆ, ಹತ್ತು ಮರಿ ಇರುವಲ್ಲಿಂದ ಎರಡನ್ನು ಎತ್ತಿ ಆರು ಮರಿ ಇರುವ ಪೆಟ್ಟಿಗೆಯ ತುಪ್ಪಟದಲ್ಲಿ ಹೊರಳಿಸಿ ಬಿಟ್ಟರೆ ತಾಯಿ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ.

ತಳಿಗೆ ಮರಿ ಆರಿಸುವವರಂತೂ 'ತಾಯಿ ಪ್ರಭಾವ' ಎಂಬ ಪದವನ್ನು ಚೆನ್ನಾಗಿ ತಿಳಿದಿರಬೇಕು. ನಾಲ್ಕೇ ಮರಿಗಳ ಸೂಲಿನಲ್ಲಿ ಹಾಲುಂಡು ದಪ್ಪಗಾದದ್ದಕ್ಕಿಂತ, ಒಂಬತ್ತರ ನಡುವೆ ಬೆಳೆದು ಸುಮಾರು ಅಷ್ಟೇ ತೂಗುವ ಮರಿಯನ್ನೇ ನಾನು ಆರಿಸುತ್ತೇನೆ. ಮಾರುವವರನ್ನು ಕೇಳಿ: ಸೂಲಿನಲ್ಲಿ ಎಷ್ಟು ಮರಿ ಇದ್ದವು, 21ನೇ ದಿನ ಎಷ್ಟು ತೂಗಿದವು, ಯಾವ ತಿಂಗಳು ಹುಟ್ಟಿದವು?