ಪರಿಸರ ವಿಜ್ಞಾನದ ಎಂಎಸ್ಸಿ: ಯಾವ ಪೇಪರ್, ಯಾವಾಗ?

ಪರಿಸರ ವಿಜ್ಞಾನದ ಎಂಎಸ್ಸಿಗೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದೇ: "ಸರ್, ಯಾವ ಸಾಫ್ಟ್ ಕೋರ್ ತಗೊಂಡ್ರೆ ಒಳ್ಳೇದು?" ಸಾಫ್ಟ್ ಕೋರ್ ಎಂದರೆ ಪಟ್ಟಿಯಿಂದ ನಾವೇ ಆರಿಸಿಕೊಳ್ಳುವ ಪೇಪರ್. ಕೈಯಲ್ಲಿ ಸಿಲಬಸ್ ಪ್ರತಿ ಇರುತ್ತದೆ. ಹವಾಮಾನ ಬದಲಾವಣೆ, ವನ್ಯಜೀವಿ ಸಂರಕ್ಷಣೆ, ರಿಮೋಟ್ ಸೆನ್ಸಿಂಗ್, ತ್ಯಾಜ್ಯ ನಿರ್ವಹಣೆ, ಪರಿಸರ ಕಾನೂನು, ಎಲ್ಲವೂ ಅದರಲ್ಲಿ ಸಾಲಾಗಿ ಇರುತ್ತವೆ. ಹೆಸರು ನೋಡಿದರೆ ಎಲ್ಲವೂ ಬೇಕು ಅನಿಸುತ್ತದೆ. ಕೊನೆಗೆ ಹೆಚ್ಚಿನವರು ಸೀನಿಯರ್‌ಗಳನ್ನು ವಿಚಾರಿಸಿ, ಮಾರ್ಕ್ಸ್ ಎಲ್ಲಿ ಸುಲಭವಾಗಿ ಬರುತ್ತದೆ ಎಂದು ತಿಳಿದುಕೊಂಡು ಟಿಕ್ ಹಾಕುತ್ತಾರೆ.

ನಾನು ಅವರಿಗೆ ತಿರುಗಿ ಕೇಳುವುದು ಬೇರೆ. ಕೊನೆಯ ಸೆಮಿಸ್ಟರ್‌ನಲ್ಲಿ ನೀವು ಯಾವ ಕೆರೆ, ಯಾವ ಬೋರ್‌ವೆಲ್, ಯಾವ ಕಾಡಿನ ಬಗ್ಗೆ ಪ್ರಾಜೆಕ್ಟ್ ಬರೆಯಬೇಕು ಅಂತಿದ್ದೀರಿ? ಅದನ್ನು ಮೊದಲು ಹೇಳಿ, ಪೇಪರ್ ಆಮೇಲೆ ಆರಿಸೋಣ.

ಇದಕ್ಕೆ ಕಾರಣವಿದೆ. ಡಿಗ್ರಿಯಲ್ಲಿ ಎಲ್ಲರೂ ಒಂದು ಪರಿಸರ ಅಧ್ಯಯನದ ಪೇಪರ್ ಓದಿರುತ್ತಾರೆ. ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಬಂದದ್ದು ಅದು. ಆಮೇಲೆ ಯುಜಿಸಿ ಅದಕ್ಕೆ ಆರು ತಿಂಗಳ ಪಠ್ಯ ಮಾಡಿತು. ಅರಿವು ಮೂಡಿಸುವುದಕ್ಕೆ ಆ ಪೇಪರ್ ಒಳ್ಳೆಯದೇ. ಆದರೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಗೊತ್ತಿದ್ದರೆ ಸಾಕು ಎಂಬ ಭಾವನೆ ಅಲ್ಲಿಂದಲೇ ಶುರುವಾಗುತ್ತದೆ. ಎಂಎಸ್ಸಿಯಲ್ಲೂ ಅದೇ ಮುಂದುವರಿದರೆ ಎರಡು ವರ್ಷ ಕಳೆದ ಮೇಲೆ ಕೈಯಲ್ಲಿ ಗಟ್ಟಿಯಾಗಿ ಯಾವುದೂ ಇರುವುದಿಲ್ಲ.

ಒಂದು ಕೆರೆಯನ್ನೇ ತಗೊಳ್ಳಿ. ಬೆಂಗಳೂರಿನ ಸುತ್ತಮುತ್ತ ಒಳಚರಂಡಿ ನೀರು ಸೇರುವ, ಹಸಿರುಗಟ್ಟಿದ ಯಾವ ಕೆರೆಯಾದರೂ ಸರಿ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೀರು ತುಂಬಿಸಿ, ಕರಗಿದ ಆಮ್ಲಜನಕ ಅಳೆಯುತ್ತೀರಿ. 300 ಮಿಲಿಲೀಟರ್ ಬಾಟಲಿ, ಒಳಗೆ ಒಂದು ಗುಳ್ಳೆಯೂ ಉಳಿಯಬಾರದು. ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಕ್ಷಾರೀಯ ಅಯೋಡೈಡ್ ಅಜೈಡ್ ಹಾಕಿ, ಮುಚ್ಚಿ ತಲೆಕೆಳಗು ಮಾಡುತ್ತೀರಿ. ನೀರಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೂರುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ನಿಮ್ಮ ಬಾಟಲಿಯಲ್ಲಿ ಗಾಢ ಕಂದು ಬಂತು. ಲ್ಯಾಬಿನಲ್ಲಿ ಟೈಟ್ರೇಶನ್ ಮಾಡಿದರೆ ಲೀಟರಿಗೆ 12 ಮಿಲಿಗ್ರಾಂ. ಮೀನು, ವನ್ಯಜೀವಿಗಳಿಗೆ 4 ಮಿಲಿಗ್ರಾಂ ಇದ್ದರೆ ಸಾಕು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ. ಹಾಗಾದರೆ ಕೆರೆ ಚೆನ್ನಾಗಿದೆ ಅಂತ ಬರೆಯೋಣವೇ?

ಭೌತಶಾಸ್ತ್ರ ನೆನಪಿರುವವರಿಗೆ ಇಲ್ಲೇ ಅನುಮಾನ ಬರಬೇಕು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ, 25 ಡಿಗ್ರಿ ಬಿಸಿಯ ನೀರು ಗಾಳಿಯಿಂದ ಹಿಡಿದುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ ಅಷ್ಟೇ. 12 ಎಲ್ಲಿಂದ ಬಂತು? ಅದು ಪಾಚಿಯ ಕೆಲಸ. ಬಿಸಿಲಿನಲ್ಲಿ ದ್ಯುತಿಸಂಶ್ಲೇಷಣೆ ಜೋರಾಗಿ ನಡೆದಾಗ ಆಮ್ಲಜನಕ ಹೀಗೆ ಏರುತ್ತದೆ. ಅದೇ ಪಾಚಿ ರಾತ್ರಿಯಿಡೀ ಉಸಿರಾಡಿ ಅದನ್ನೆಲ್ಲ ಖಾಲಿ ಮಾಡುತ್ತದೆ. ಅದೇ ಜಾಗಕ್ಕೆ ಬೆಳಗಿನ ಜಾವ ಐದಕ್ಕೆ ಹೋದರೆ ಬಾಟಲಿಯಲ್ಲಿ ಬಿಳಿ ಗಸಿ ಸಿಗಬಹುದು. ಇಂಥ ಕೆರೆಗಳಲ್ಲಿ ಮೀನು ಸಾಯುವುದು ಹೆಚ್ಚಾಗಿ ಆ ಹೊತ್ತಿಗೇ. ಇಷ್ಟಕ್ಕೇ ಮುಗಿಯಲಿಲ್ಲ. ಮಧ್ಯಾಹ್ನ ಪಾಚಿ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಾಗ ಪಿಎಚ್ ಮೇಲೇರುತ್ತದೆ. ಆಗ ಒಳಚರಂಡಿಯಿಂದ ಬಂದ ಅಮೋನಿಯಂ ಮೀನಿಗೆ ವಿಷವಾಗುವ ಅಮೋನಿಯಾ ಆಗಿ ಬದಲಾಗುತ್ತದೆ. ಆಮ್ಲಜನಕ ತುಂಬಿ ತುಳುಕುವ ಹೊತ್ತಿನಲ್ಲೂ ಮೀನಿಗೆ ಅಪಾಯ ತಪ್ಪಿದ್ದಲ್ಲ.

ಬರೀ ರಸಾಯನಶಾಸ್ತ್ರ ಓದಿದವರು 12 ಎಂದು ಬರೆದು ಮುಗಿಸುತ್ತಾರೆ. ಬರೀ ಜೀವಶಾಸ್ತ್ರ ಓದಿದವರು ಪಾಚಿಯ ಜಾತಿ ಗುರುತಿಸಿ ಸುಮ್ಮನಾಗುತ್ತಾರೆ. ಒಂದು ಬಾಟಲಿ ನೀರಿಗೆ ಮೂರು ವಿಷಯ ಬೇಕಾಯಿತು, ಅಲ್ವಾ? ಅದಕ್ಕೇ ನಾನು ಪ್ರಾಜೆಕ್ಟಿನ ಪ್ರಶ್ನೆಯನ್ನು ಮೊದಲು ಕೇಳುವುದು. ಪ್ರಶ್ನೆ ಎದುರಿಗಿದ್ದರೆ ಅನಲಿಟಿಕಲ್ ಕೆಮಿಸ್ಟ್ರಿ, ಲಿಮ್ನಾಲಜಿ (ಕೆರೆ, ಸರೋವರಗಳ ಅಧ್ಯಯನ) ಎಂಬ ಪೇಪರ್‌ಗಳು ಯಾಕೆ ಬೇಕು ಎಂದು ತಾನಾಗಿಯೇ ಗೊತ್ತಾಗುತ್ತದೆ.

ಭೂವಿಜ್ಞಾನವನ್ನು ನಮ್ಮ ವಿದ್ಯಾರ್ಥಿಗಳು ಜಾಸ್ತಿ ತಪ್ಪಿಸುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯಿಂದ ಬಂದವರು ಊರಿನ ನೀರಿನ ಫ್ಲೋರೈಡ್ ಬಗ್ಗೆಯೇ ಪ್ರಾಜೆಕ್ಟ್ ಮಾಡುತ್ತೇನೆ ಎನ್ನುತ್ತಾರೆ. ಬಹಳ ಒಳ್ಳೆಯ ಆಯ್ಕೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಪರವಾಗಿಲ್ಲ ಎನ್ನುತ್ತದೆ ಭಾರತೀಯ ಮಾನಕ. ನಲವತ್ತು ಬೋರ್‌ವೆಲ್ ನೀರು ತಂದು ಅಳೆದು, ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಟ್ಟರೆ ನೋಡಲು ಚೆನ್ನಾಗಿರುತ್ತದೆ. ಆದರೆ ಪಕ್ಕಪಕ್ಕದ ಎರಡು ಬೋರ್‌ವೆಲ್‌ಗಳಲ್ಲಿ ಒಂದರಲ್ಲಿ 0.8, ಇನ್ನೊಂದರಲ್ಲಿ 2.6 ಯಾಕೆ? ಉತ್ತರ ಬಂಡೆಯಲ್ಲಿದೆ. ಆ ಭಾಗದ ಗ್ರಾನೈಟ್, ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಿವೆ. ನೀರು ಬಿರುಕುಗಳಲ್ಲಿ ಎಷ್ಟು ಕಾಲ ನಿಂತಿದೆ, ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಬೈಕಾರ್ಬೊನೇಟ್ ಹೆಚ್ಚಿದೆಯೇ ಎಂಬುದರ ಮೇಲೆ ಫ್ಲೋರೈಡ್ ಎಷ್ಟು ಕರಗುತ್ತದೆ ಎನ್ನುವುದು ನಿಲ್ಲುತ್ತದೆ. ಹೈಡ್ರೋಜಿಯಾಲಜಿ, ಅಂದರೆ ಅಂತರ್ಜಲದ ಭೂವಿಜ್ಞಾನ ಓದದೆ ಇದನ್ನು ಬರೆಯಲಾಗುವುದಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆ ಕೆರೆಯ ನೀರು ಕೆಳಗಿಳಿದು ಬೋರ್‌ವೆಲ್ ಸೇರಿದಾಗ ಏನಾಗುತ್ತದೆ ಎಂಬ ಪ್ರಶ್ನೆಗೂ ಬಂಡೆಯ ಬಿರುಕು ಗೊತ್ತಿರಲೇಬೇಕು.

ಈಗ ಕ್ಯಾಲೆಂಡರ್ ವಿಷಯಕ್ಕೆ ಬರೋಣ. ಪೇಪರ್ ಆಯ್ಕೆಗಿಂತ ಇದು ಮುಖ್ಯ ಎಂದು ನನ್ನ ನಂಬಿಕೆ. ಯಾವ ಸಿಲಬಸ್ಸಿನಲ್ಲೂ ಇದನ್ನು ಬರೆದಿರುವುದಿಲ್ಲ.

ಪರಿಸರದ ಕೆಲಸ ಮಳೆಯ ಲೆಕ್ಕದಲ್ಲಿ ನಡೆಯುತ್ತದೆ, ವಿಶ್ವವಿದ್ಯಾಲಯ ಪರೀಕ್ಷೆಯ ಲೆಕ್ಕದಲ್ಲಿ ನಡೆಯುತ್ತದೆ. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ನೀರಿನ ಮಟ್ಟ ಅಳೆಯುತ್ತದೆ: ಜನವರಿ, ಮುಂಗಾರಿಗೆ ಮೊದಲು, ಆಗಸ್ಟ್, ನವೆಂಬರ್. ಮಳೆಗೆ ಮುಂಚೆ ಒಂದು, ಮಳೆಯ ನಂತರ ಒಂದು, ಕನಿಷ್ಠ ಎರಡು ಸಲವಾದರೂ ಸ್ಯಾಂಪಲ್ ಇಲ್ಲದಿದ್ದರೆ ನೀರಿನ ಬಗ್ಗೆ ಹೇಳಲು ಹೆಚ್ಚೇನೂ ಇರುವುದಿಲ್ಲ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಆಗುವುದೇನು? ಮೂರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಗೈಡ್ ಸಿಗುತ್ತಾರೆ. ಫೆಬ್ರವರಿ ಮಾರ್ಚ್‌ನಲ್ಲಿ ಒಂದು ಸಲ ನೀರು ತರುತ್ತಾರೆ. ರಿಪೋರ್ಟಿನ ಶೀರ್ಷಿಕೆಯಲ್ಲಿ ಮಾತ್ರ 'ಋತುಮಾನದ ವ್ಯತ್ಯಾಸ' ಎಂದಿರುತ್ತದೆ. ವೈವಾದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಎರಡು ವರ್ಷದ ಕೋರ್ಸಿನಲ್ಲಿ ಮಳೆಗೆ ಮುಂಚಿನ ಬೇಸಿಗೆ ನಿಮಗೆ ಸಿಗುವುದು ಎರಡೇ ಸಲ. ಎರಡನೇ ಬೇಸಿಗೆಗೆ ರಿಪೋರ್ಟ್ ಸಲ್ಲಿಸುವ ಗಡಿಬಿಡಿ ಇರುತ್ತದೆ. ಹಾಗಾಗಿ ಮೊದಲ ಬೇಸಿಗೆಯೇ ನಿಮ್ಮದು. ಏಪ್ರಿಲ್ ಅಥವಾ ಮೇನಲ್ಲಿ ಮೊದಲ ಸ್ಯಾಂಪಲ್, ಮಳೆ ಮುಗಿದ ಮೇಲೆ ಎರಡನೆಯದು, ಕೊನೆಯ ಸೆಮಿಸ್ಟರ್ ಪೂರ್ತಿ ವಿಶ್ಲೇಷಣೆಗೆ ಮತ್ತು ಬರವಣಿಗೆಗೆ. ಇದು ಆಗಬೇಕಾದರೆ ಅನಲಿಟಿಕಲ್ ಕೆಮಿಸ್ಟ್ರಿಯ ಪ್ರಾಕ್ಟಿಕಲ್ಸ್ ಮತ್ತು ಸ್ಟ್ಯಾಟಿಸ್ಟಿಕ್ಸ್ ಮೊದಲ ವರ್ಷದಲ್ಲೇ ಮುಗಿದಿರಬೇಕು. ಕಾನೂನು, ಹವಾಮಾನ ನೀತಿಯಂಥ ಓದಿ ಚರ್ಚಿಸುವ ಪೇಪರ್‌ಗಳನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಬಹುದು. ನಮ್ಮವರು ಮಾಡುವುದು ಇದಕ್ಕೆ ತದ್ವಿರುದ್ಧ. ಸ್ಟ್ಯಾಟಿಸ್ಟಿಕ್ಸ್ ಕಷ್ಟ ಎಂದು ಮುಂದೂಡುತ್ತಾರೆ. ಕಲಿಯುವ ಹೊತ್ತಿಗೆ ಸ್ಯಾಂಪಲ್ ಎಲ್ಲಾ ತಂದಾಗಿರುತ್ತದೆ. ಎಷ್ಟು ಸ್ಯಾಂಪಲ್ ಬೇಕು, ಎಲ್ಲಿಂದ ಬೇಕು ಎಂದು ನಿರ್ಧರಿಸಲು ಬೇಕಾಗಿದ್ದ ವಿದ್ಯೆ ಕೆಲಸ ಮುಗಿದ ಮೇಲೆ ಬಂದರೆ ಏನು ಪ್ರಯೋಜನ?

'ಮಳೆ ಮುಗಿದ ಮೇಲೆ' ಎನ್ನುವುದೂ ಊರಿಂದ ಊರಿಗೆ ಬೇರೆ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಜೋರು. ಬೆಂಗಳೂರು, ಕೋಲಾರದ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಹೆಚ್ಚು ಮಳೆ. ಆಗುಂಬೆಯ ಹಳ್ಳದ ವೇಳಾಪಟ್ಟಿಯನ್ನು ಮುಳಬಾಗಿಲಿನ ಕೆರೆಗೆ ಹಾಕಿದರೆ ನಡೆಯುವುದಿಲ್ಲ. ಇನ್ನು ಜೀವವೈವಿಧ್ಯ ಆರಿಸಿಕೊಂಡವರಿಗೆ ಇನ್ನೂ ಬಿಗಿ. ಪಶ್ಚಿಮ ಘಟ್ಟದ ಕಪ್ಪೆಗಳು ಹೆಚ್ಚಾಗಿ ಕೂಗುವುದು ಮುಂಗಾರಿನ ಮೊದಲ ವಾರಗಳಲ್ಲಿ. ಆಗ ಕ್ಯಾಂಪಸ್ಸಿನಲ್ಲಿ ಪರೀಕ್ಷೆಯೋ ರಜೆಯೋ ಇರುತ್ತದೆ. ಅನುಮತಿ, ಗೈಡ್, ಉಳಿಯುವ ಜಾಗ ಇವೆಲ್ಲವನ್ನೂ ಜನವರಿಯಲ್ಲೇ ಕೇಳಿ ಇಟ್ಟುಕೊಳ್ಳಬೇಕು. ಅಭಯಾರಣ್ಯದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಕೈಗೆ ಬರಲು ತಿಂಗಳುಗಳೇ ಬೇಕು.

ಸ್ಟ್ಯಾಟಿಸ್ಟಿಕ್ಸ್ ಬಗ್ಗೆ ಇನ್ನೊಂದೇ ಮಾತು. ಲ್ಯಾಬ್ ವರದಿಗಳಲ್ಲಿ 'ಬಿಡಿಎಲ್' ಎಂದು ಬರುತ್ತದೆ. ಉಪಕರಣ ಗುರುತಿಸಬಲ್ಲ ಮಟ್ಟಕ್ಕಿಂತ ಕಡಿಮೆ ಎಂದರ್ಥ. ವಿದ್ಯಾರ್ಥಿಗಳು ಎಕ್ಸೆಲ್‌ನಲ್ಲಿ ಅದನ್ನು ಸೊನ್ನೆ ಎಂದು ತುಂಬಿ ಸರಾಸರಿ ತೆಗೆದುಬಿಡುತ್ತಾರೆ. ಸೀಸ, ಆರ್ಸೆನಿಕ್‌ನಂಥ ಮೂಲವಸ್ತುಗಳಲ್ಲಿ ಇಡೀ ತೀರ್ಮಾನವೇ ಇದರಿಂದ ತಪ್ಪಬಹುದು. ಒಳ್ಳೆಯ ಪೇಪರ್‌ನಲ್ಲಿ ಇದನ್ನು ಕಲಿಸುತ್ತಾರೆ. ಕಲಿಸದಿದ್ದರೆ ಕೇಳಿ ಕಲಿಯಿರಿ. ಇನ್ನು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್‌ಗೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ಕೋರ್ಸ್ ಸೇರುವ ಅಗತ್ಯವಿಲ್ಲ. ಕ್ಯುಜಿಐಎಸ್ ಎಂಬ ಸಾಫ್ಟ್‌ವೇರ್ ಉಚಿತ. ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳು 2008ರಿಂದ ಉಚಿತ. ಸೆಂಟಿನೆಲ್-2 ಉಪಗ್ರಹ ಕೊಡುವ 10 ಮೀಟರ್ ಸ್ಪಷ್ಟತೆಯಲ್ಲಿ ನಿಮ್ಮೂರ ಕೆರೆ ಯಾವ ತಿಂಗಳು ತುಂಬಿತು, ಯಾವಾಗ ಬತ್ತಿತು ಎಂದು ಮನೆಯಲ್ಲೇ ಕೂತು ನೋಡಬಹುದು.

ಕಾನೂನಿನ ಪೇಪರ್ ಓದುವಾಗ ಕಾಯ್ದೆಗಳ ಇಸವಿ ಬಾಯಿಪಾಠ ಮಾಡಿದರೆ ಸಾಲದು. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, ಭೋಪಾಲ್ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ, ಇವು ಪರೀಕ್ಷೆಗೆ ಬೇಕು, ಸರಿ. ಅದರ ಜೊತೆಗೆ ಯೋಜನೆಗಳ ಪರಿಸರ ಅನುಮತಿಗಾಗಿ ಕೇಂದ್ರ ಸರ್ಕಾರ ನಡೆಸುವ ಪರಿವೇಶ್ ಪೋರ್ಟಲ್‌ನಿಂದ ನಿಮ್ಮ ಜಿಲ್ಲೆಯ ಒಂದು ಯೋಜನೆಯ ಪರಿಸರ ಪರಿಣಾಮ ವರದಿಯನ್ನು ಇಳಿಸಿಕೊಂಡು ಪೂರ್ತಿ ಓದಿ. ವರದಿಯಲ್ಲಿ ತಜ್ಞರ ಪಟ್ಟಿ ಇರುತ್ತದೆ. ವಾಯು ಮಾಲಿನ್ಯ, ಹೈಡ್ರೋಜಿಯಾಲಜಿ, ಜೀವವೈವಿಧ್ಯ, ಶಬ್ದ, ಸಾಮಾಜಿಕ ಆರ್ಥಿಕ ಅಧ್ಯಯನ, ಅಪಾಯಕಾರಿ ತ್ಯಾಜ್ಯ, ಹೀಗೆ ಒಂದೊಂದು ಕ್ಷೇತ್ರಕ್ಕೂ ಆಯಾ ಕ್ಷೇತ್ರದಲ್ಲಿ ಮಾನ್ಯತೆ ಪಡೆದವರು ಸಹಿ ಹಾಕುತ್ತಾರೆ. ಈ ಪಟ್ಟಿಯಲ್ಲಿ ಯಾವ ಸಾಲಿಗೆ ನೀವು ಸಹಿ ಹಾಕಲು ಬಯಸುತ್ತೀರಿ? ಆ ಸಾಲು ನಿಮ್ಮ ಗಟ್ಟಿ ವಿಷಯವಾಗಲಿ. ಉಳಿದ ಸಾಲುಗಳನ್ನು ಓದಿ ಪ್ರಶ್ನೆ ಕೇಳುವಷ್ಟು ಜ್ಞಾನ ಇದ್ದರೆ ಸಾಕು.

ಅದೇ ವರದಿಯಲ್ಲಿ ಇನ್ನೊಂದನ್ನೂ ಗಮನಿಸಿ. ಪರಿಸರ ಪರಿಣಾಮ ಮೌಲ್ಯಮಾಪನದ 2006ರ ಅಧಿಸೂಚನೆಯಡಿ ಬಹಳಷ್ಟು ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕಾಗುತ್ತದೆ. ಮುಂಗಾರಿನಲ್ಲಷ್ಟೇ ಕಾಣಿಸುವ ಕಪ್ಪೆ ಆ ಪಟ್ಟಿಯಲ್ಲಿ ಬರುವುದು ಕಷ್ಟ. ಇದನ್ನು ಗುರುತಿಸಿ ಪ್ರಶ್ನಿಸಬಲ್ಲವರು ನಮಗೆ ಬೇಕು. ಸಾರ್ವಜನಿಕ ಅಹವಾಲಿಗೆ ಮುಂಚೆ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು ಎಂದು ಅದೇ ಅಧಿಸೂಚನೆ ಹೇಳುತ್ತದೆ. ಕಲ್ಲುಕ್ವಾರಿಯ ಪಕ್ಕದ ಊರಿನವರಿಗೆ ಅರ್ಥವಾಗುವ ಕನ್ನಡದಲ್ಲಿ ದೂಳಿನ ಲೆಕ್ಕ ಬರೆಯುವುದು ಒಂದು ಕೌಶಲ. ಸೆಮಿನಾರ್ ಪೇಪರ್‌ಗಳಲ್ಲಿ ಒಂದನ್ನಾದರೂ ಕನ್ನಡದಲ್ಲಿ ಬರೆದು ಅಭ್ಯಾಸ ಮಾಡಿ.

ಇನ್ನೂ ಬಿಎಸ್ಸಿಗೆ ಸೇರುವ ಹಂತದಲ್ಲಿರುವವರಿಗೆ, ಅವರ ತಂದೆ ತಾಯಿಗೆ ಕೆಲವು ಮಾತು. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿ ಹೋಗಿ, 2024ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ಪರಿಸರ ವಿಜ್ಞಾನವನ್ನು ಆರಿಸುವುದಾದರೆ ಜೊತೆಗೆ ಕೆಮಿಸ್ಟ್ರಿ ಇರಲೇಬೇಕು ಎಂಬುದು ನನ್ನ ಸಲಹೆ. ಮೂರನೆಯದು ಜುವಾಲಜಿ, ಬಾಟನಿ, ಜಿಯಾಲಜಿ ಯಾವುದಾದರೂ ಆಗಲಿ. ಇದರಲ್ಲಿ ಕೆಲಸದ ಲೆಕ್ಕವೂ ಇದೆ. ಐಎಫ್ಎಸ್, ಅಂದರೆ ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಬರೆಯಲು ಪಶುಸಂಗೋಪನೆ ಮತ್ತು ಪಶುವೈದ್ಯ, ಬಾಟನಿ, ಕೆಮಿಸ್ಟ್ರಿ, ಜಿಯಾಲಜಿ, ಗಣಿತ, ಫಿಸಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಜುವಾಲಜಿ ಇವುಗಳಲ್ಲಿ ಒಂದಾದರೂ ಡಿಗ್ರಿಯಲ್ಲಿ ಇರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಪರಿಸರ ವಿಜ್ಞಾನ ಆ ಪಟ್ಟಿಯಲ್ಲಿ ಇಲ್ಲ. ಕಾಡಿನ ಕನಸು ಕಂಡು ಬರೀ ಪರಿಸರ ವಿಜ್ಞಾನದ ಡಿಗ್ರಿ ಮಾಡಿದವರಿಗೆ ಇದು ಅರ್ಜಿ ಹಾಕುವ ದಿನ ಗೊತ್ತಾದರೆ ಎಷ್ಟು ನೋವಾಗಬೇಡ! ಹಾಗೆಯೇ ಪರಿಸರ ಎಂಜಿನಿಯರ್ ಹುದ್ದೆಗಳಿಗೆ ಎಂಜಿನಿಯರಿಂಗ್ ಪದವಿ ಕೇಳುತ್ತಾರೆ, ಎಂಎಸ್ಸಿ ಅದಕ್ಕೆ ಸಾಟಿಯಾಗುವುದಿಲ್ಲ. ಅಧ್ಯಾಪಕರಾಗುವವರಿಗೆ ಬೇಕಾದ ಅರ್ಹತಾ ಪರೀಕ್ಷೆ ನೆಟ್‌ನಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯವಾಗಿದೆ. ಗೇಟ್‌ನಲ್ಲೂ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪತ್ರಿಕೆ ಇದೆ. ಅದರ ಸಿಲಬಸ್ಸನ್ನು ಮೊದಲ ವರ್ಷದಲ್ಲೇ ತೆರೆದು ನೋಡಿದರೆ ಗಣಿತ ಬಿಡಬಾರದು ಎಂದು ಗೊತ್ತಾಗುತ್ತದೆ.

ಬೇಕಾದ ಪೇಪರ್ ನಿಮ್ಮ ವಿಭಾಗದಲ್ಲಿ ಇಲ್ಲದಿದ್ದರೆ? ಮೊದಲು ಓಪನ್ ಎಲೆಕ್ಟಿವ್ ಪಟ್ಟಿ ನೋಡಿ. ಅದೇ ಕ್ಯಾಂಪಸ್ಸಿನ ಭೂವಿಜ್ಞಾನ ಅಥವಾ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಅದು ಇರುವ ಸಾಧ್ಯತೆ ಹೆಚ್ಚು. ಅಲ್ಲಿಯೂ ಇಲ್ಲ ಅಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣ ಸ್ವಯಂನಲ್ಲಿ ಹುಡುಕಿ. ಆದರೆ ಸುಮ್ನೆ ಸೇರಿಬಿಡಬೇಡಿ. ಆ ಕೋರ್ಸಿನ ಕ್ರೆಡಿಟ್ ನಿಮ್ಮ ಅಂಕಪಟ್ಟಿಗೆ ಸೇರುತ್ತದೆಯೇ, ಯಾವ ಪೇಪರ್‌ಗೆ ಬದಲಾಗಿ ಸೇರುತ್ತದೆ ಎಂದು ವಿಭಾಗದ ಮುಖ್ಯಸ್ಥರಿಂದ ಬರವಣಿಗೆಯಲ್ಲಿ ತಗೊಂಡು, ಆಮೇಲೆ ನೋಂದಣಿ ಮಾಡಿಸಿ.